ಕ್ಯಾಸೆಟ್ಟಿನೊಳಗಿನ ನಾಳೆ

ಪಕೀರಪ್ಪನಿಗೆ ಇದ್ದದ್ದು ಒಂದೇ ಹಟ. ತನ್ನ ದನಿಯಿಂದಲೇ ಅನ್ನ ದುಡಿಯಬೇಕು, ಆದರೆ ಕೊರಳಿಗೆ ಹಲಗೆ ಹಾಕಿಕೊಳ್ಳಬಾರದು.

ದೇವದುರ್ಗ ತಾಲೂಕಿನ ಜಾಲಹಳ್ಳಿಯಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದರೆ ಸಿಗುವ ಒಂದು ಸಣ್ಣ ಹಳ್ಳಿ ಅವನದು. ಆ ಊರಲ್ಲಿ ಹಲಗೆ ಬಾರಿಸಿ ಡಂಗುರ ಸಾರುವ ಕೆಲಸ ಅವನ ಮನೆತನದ್ದು. ಅದು ಕೇಳಿ ಪಡೆದ ಕೆಲಸವಲ್ಲ, ಹುಟ್ಟಿನ ಜೊತೆ ಬಂದದ್ದು. ಒಲ್ಲೆ ಎನ್ನುವ ಹಕ್ಕು ಯಾರಿಗೂ ಇರಲಿಲ್ಲ. ಅವನ ತಂದೆ ಅಯ್ಯಣ್ಣ ಊರಾಚೆಯ ಕೇರಿಯಿಂದ ಹೊರಟು, ಓಣಿ ಓಣಿಯ ತಿರುವಿನಲ್ಲಿ ನಿಂತು ಹಲಗೆ ಬಾರಿಸಿ, “ಕೇಳ್ರಪ್ಪೋ ಕೇಳ್ರಿ, ನಾಳಿ ತಹಸೀಲ್ದಾರ್ರು ಬರ್ತಾರ, ಚಾವಡಿಗಿ ಬರ್ರಿ” ಎಂದು ಕೂಗುತ್ತಿದ್ದ. ಅವನ ಬಾಯಲ್ಲಿ ಎಲ್ಲವೂ ನಾಳೆಯೇ. ನಾಳೆ ಸಂತೆ, ನಾಳೆ ದನಗಳಿಗೆ ಸೂಜಿ, ನಾಳೆ ಕಂದಾಯ. ನಾಡಿದ್ದಿನ ಮಾತು ಊರಿಗೆ ನೆನಪಿರುವುದಿಲ್ಲವೆಂದು ಅವನು ಒಂದು ದಿನ ಮೊದಲಲ್ಲದೆ ಎಂದೂ ಸಾರುತ್ತಿರಲಿಲ್ಲ. ಸಾರಿ ಮುಗಿದ ಮೇಲೆ ದೊಡ್ಡವರ ಮನೆಗಳ ಕಟ್ಟೆಯ ಕೆಳಗೆ ನಿಂತು, ಮೇಲಿಂದ ಹಾಕಿದ ಜೋಳವನ್ನು ದೋತರದ ಚುಂಗಿನಲ್ಲಿ ಹಿಡಿಯುತ್ತಿದ್ದ.

ಪಕೀರಪ್ಪ ದೇವದುರ್ಗದ ಹೈಸ್ಕೂಲಿನಲ್ಲಿ ಮೆಟ್ರಿಕ್ ಮುಗಿಸಿದಾಗ ಅವರ ಕೇರಿಯಲ್ಲಿ ಅಷ್ಟು ಓದಿದವನು ಅವನೊಬ್ಬನೇ. ಊರ ಗೌಡರು ಅದನ್ನು ಕೇಳಿ, “ಓದ್ಲಿ ಬಿಡು, ಹಲಿಗಿ ಇನ್ನೂ ಸ್ವಚ್ಛ ಬಾರಿಸ್ತಾನ” ಎಂದರಂತೆ. ಚಾವಡಿಯಲ್ಲಿದ್ದವರು ನಕ್ಕರು. ಅಯ್ಯಣ್ಣನೂ ನಗಬೇಕಾಯಿತು. ಆ ವರ್ಷವೇ ಪಕೀರಪ್ಪ ರಾಯಚೂರಿನ ಬಸ್ಸು ಹತ್ತಿದ. ಸಾವಿರದ ಒಂಬೈನೂರ ಎಪ್ಪತ್ತೊಂದನೆಯ ಇಸವಿ ಅದು.

ರಾಯಚೂರಿನಲ್ಲಿ ರೈಲು ಹಳಿಗಳಾಚೆಯ ಒಂದು ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ತಕ್ಕಡಿಯ ಬಳಿ ನಿಂತು, ಹತ್ತಿಯ ಅಂಡಿಗೆಗಳ ತೂಕವನ್ನು ಅಂಗಳದಾಚೆ ಕೂತ ಗುಮಾಸ್ತನಿಗೆ ಕೇಳುವಂತೆ ಕೂಗುವುದು. ಯಂತ್ರಗಳ ಗದ್ದಲದ ಮೇಲೂ ಅವನ ದನಿ ಒಡೆಯದೆ ಹೋಗುತ್ತಿತ್ತು. ಅದೇ ಗಿರಣಿಯಲ್ಲಿ ಕೆಟ್ಟ ಹತ್ತಿ ಆರಿಸುತ್ತಿದ್ದ ಬಸ್ಸಮ್ಮನನ್ನು ಮದುವೆಯಾದ. ಗಿರಣಿಯ ಹಿಂದಿನ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಆದರೆ ಹತ್ತಿಯ ಧೂಳು ಎದೆಗೆ ಇಳಿಯತೊಡಗಿತ್ತು. ಬೆಳಗಿನ ಹೊತ್ತು ಅವನು ಕೆಮ್ಮುವುದನ್ನು ಕೇಳಿ ಬಸ್ಸಮ್ಮ ಹೆದರುತ್ತಿದ್ದಳು.

ಲಾಲ್ ಸಾಬ್ ಅವನ ದನಿಯನ್ನು ಮೊದಲು ಕೇಳಿದ್ದು ಅಲ್ಲಿಯೇ. ಸ್ಟೇಷನ್ ರಸ್ತೆಯಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇಟ್ಟಿದ್ದ ಆತ ಗಿರಣಿಯ ದಸರಾ ಪೂಜೆಗೆ ಮೈಕು ಕಟ್ಟಲು ಬಂದಿದ್ದ. ತೂಕ ಕೂಗುವುದನ್ನು ಸ್ವಲ್ಪ ಹೊತ್ತು ನಿಂತು ಕೇಳಿ, “ಅರೆ ಭಾಯ್, ನಿನಗ ಮೈಕ್ ಬ್ಯಾಡ, ಮೈಕಿಗೇ ನೀ ಬೇಕು” ಎಂದ. ಅಂದಿನಿಂದ ರಜೆಯ ದಿನಗಳಲ್ಲಿ ಪಕೀರಪ್ಪ ಲಾಲ್ ಸಾಬನ ಜೀಪಿನಲ್ಲಿ ಕೂತು ಸಿನಿಮಾ, ಉರುಸು, ಬಟ್ಟೆ ಅಂಗಡಿ ಅಂತ ಊರೂರಿಗೆ ಸಾರುತ್ತ ಹೋದ. ಜೀಪು ಓಡಿಸುತ್ತಿದ್ದವನು ಇಮಾಮಹುಸೇನ. ಸಿರವಾರ ಮುಟ್ಟುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು. ಮಾನ್ವಿಯಲ್ಲಿ ಮಾತೇ ಹೊರಡುತ್ತಿರಲಿಲ್ಲ.

ಎಂಬತ್ತೊಂದರಲ್ಲಿ ಲಾಲ್ ಸಾಬನ ಅಕ್ಕನ ಮಗ ದುಬೈಯಿಂದ ಬರುತ್ತ ಒಂದು ಟೇಪ್ ರೆಕಾರ್ಡರ್ ತಂದ. ಒಮ್ಮೆ ಮಾತಾಡಿ ಕ್ಯಾಸೆಟ್ಟಿನಲ್ಲಿ ತುಂಬಿಕೊಂಡರೆ ಜೀಪಿನಲ್ಲಿ ಎಷ್ಟು ಸಲ ಬೇಕಾದರೂ ಹಾಕಬಹುದು, ಗಂಟಲೂ ಉಳಿಯುತ್ತದೆ, ಆಳೂ ಉಳಿಯುತ್ತದೆ ಎಂದು ಲಾಲ್ ಸಾಬ್ ಲೆಕ್ಕ ಹಾಕಿದ. ಆದರೆ ಅಂಗಡಿಯಲ್ಲಿ ಟಾಂಗಾ, ಲಾರಿಗಳ ಸದ್ದು. ಹಾಗಾಗಿ ಯಂತ್ರ ಪಕೀರಪ್ಪನ ಮನೆಗೆ ಬಂತು.

ಮನೆಯ ಒಳಗೆ ಕಾಳುಕಡಿ ಇಡುವ ಒಂದು ಕಿರುಕೋಣೆ ಇತ್ತು. ಮೊದಲ ದಿನ ಅವನು ಅಲ್ಲಿದ್ದ ಖಾಲಿ ಕಾಳಿನ ಗುಮ್ಮಿಯೊಳಗೆ ತಲೆ ತೂರಿಸಿ ಮಾತಾಡಿದ. ಹೊರಗಿನ ಸದ್ದೇನೋ ನಿಂತಿತು. ಆದರೆ ಟೇಪು ಹಾಕಿದಾಗ ಬಸ್ಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು, “ಬಾವ್ಯಾಗ ಬಿದ್ದವ ಕರದಂಗ ಅದ” ಎಂದು ನಕ್ಕಳು. ಆಮೇಲೆ ಅವಳೇ ಉಪಾಯ ಮಾಡಿದಳು. ತಾನು ಹೊಲಿದ ಕೌದಿಗಳನ್ನೆಲ್ಲ ನಾಲ್ಕೂ ಗೋಡೆಗೆ ಹಗ್ಗ ಕಟ್ಟಿ ಇಳಿಬಿಟ್ಟಳು. ಕಿಟಕಿಗೆ ಗಿರಣಿಯ ಕಸದ ಹತ್ತಿ ತುರುಕಿದಳು. ನೆಲಕ್ಕೆ ಗೋಣಿತಟ್ಟು ಹಾಸಿದಳು. ‘ಪ’, ‘ಭ’ ಅನ್ನುವಾಗ ಉಸಿರು ಬಡಿದು ಟೇಪಿನಲ್ಲಿ ಢಬ್ ಅನ್ನುತ್ತಿತ್ತು. ಪಕೀರಪ್ಪ ಮೈಕಿಗೆ ಕರವಸ್ತ್ರ ಸುತ್ತಿದ.

ಧ್ವನಿಮುದ್ರಣಕ್ಕೆ ಸಿಗುತ್ತಿದ್ದದ್ದು ಮಧ್ಯಾಹ್ನದ ಹೊತ್ತು. ರಾಯಚೂರಿನ ಬಿಸಿಲಿಗೆ ಓಣಿಯೇ ಮಲಗಿರುತ್ತಿತ್ತು. ಫ್ಯಾನು ಹಾಕುವಂತಿಲ್ಲ, ಅದರ ಸದ್ದೂ ತುಂಬಿಕೊಳ್ಳುತ್ತದೆ. ಕೌದಿಗಳ ನಡುವೆ ಬೆವರು ಇಳಿಯುತ್ತಿರುವಾಗ, ಗುಂತಕಲ್ಲಿನ ಗಾಡಿ ಹೋಗುವುದನ್ನು ಕಾದು, ಅವನು ಗುಂಡಿ ಒತ್ತುತ್ತಿದ್ದ. ಬಸ್ಸಮ್ಮ ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿ ಬಾಗಿಲಲ್ಲಿ ಕೂರುತ್ತಿದ್ದಳು. ಬಂದವರಿಗೆ, “ನಮ್ಮನಿಯವ್ರು ಪೂಜಿಗಿ ಕುಂತಾರ” ಎಂದು ಹೇಳಿ ಕಳಿಸುತ್ತಿದ್ದಳು. ದಿನಾ ಮಧ್ಯಾಹ್ನ ಯಾವ ದೇವರ ಪೂಜೆ ಎಂದು ಓಣಿಯವರಿಗೆ ಬಹಳ ದಿನ ಬಗೆಹರಿಯಲಿಲ್ಲ.

ಮೊದಲ ಕ್ಯಾಸೆಟ್ಟು ಬೀಜದ ವ್ಯಾಪಾರಿ ವಿರೂಪಣ್ಣನದು. ರೇಡಿಯೋದಲ್ಲಿ ಬರುವ ಹಾಗೇ ಇರಲಿ ಎಂದು ಅವನು ಹೇಳಿದ್ದ. ಪಕೀರಪ್ಪ ಬಹಳ ಶ್ರದ್ಧೆಯಿಂದ “ರೈತ ಬಾಂಧವರ ಗಮನಕ್ಕೆ” ಎಂದು ತುಂಬಿದ. ಜೀಪು ಸಿರವಾರದ ಸಂತೆಯೊಳಗೆ ಹೋಗಿ ಅದನ್ನು ಹಾಕಿದ ಕೂಡಲೇ ಗಂಡಸರು ಒಬ್ಬೊಬ್ಬರಾಗಿ ಜಾರಿಕೊಂಡರು. ಕೆಲವು ವರ್ಷಗಳ ಹಿಂದೆ ಇಂಥದೇ ಶುದ್ಧ ಭಾಷೆಯ ಜೀಪುಗಳು ಬಂದು ಗಂಡಸರನ್ನು ಮಕ್ಕಳಾಗದ ಆಪರೇಷನ್ನಿಗೆ ಹತ್ತಿಸಿಕೊಂಡು ಹೋಗಿದ್ದವು. ಅದನ್ನು ಊರು ಮರೆತಿರಲಿಲ್ಲ. ವಿರೂಪಣ್ಣ ಸಿಟ್ಟಾದ. ಪಕೀರಪ್ಪ ಮತ್ತೆ ಕೌದಿಗಳ ನಡುವೆ ಕೂತ. ಏನು ಹೇಳಿದರೂ ಸರಿಹೋಗಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, ತಂದೆ ಓಣಿಯ ತಿರುವಿನಲ್ಲಿ ಹೇಳುತ್ತಿದ್ದ ರೀತಿಯಲ್ಲೇ ಹೇಳಿದ. “ಕೇಳ್ರಪ್ಪೋ ಕೇಳ್ರಿ, ನಾಳಿ ವಿರೂಪಣ್ಣನ ಅಂಗಡ್ಯಾಗ ಹೊಸ ಹತ್ತಿಬೀಜ ಬರ್ತಾವ.” ಹಲಗೆ ಮಾತ್ರ ಇರಲಿಲ್ಲ. ಜನ ಜೀಪಿನ ಸುತ್ತ ಕೂಡಿದರು.

ಆ ದನಿ ನಡೆಯಿತು. ಒಂದು ವರ್ಷದೊಳಗೆ ಪಕೀರಪ್ಪ ಗಿರಣಿ ಬಿಟ್ಟ. ಕೆಮ್ಮು ಕಡಿಮೆಯಾಯಿತು. ಅವನು ಚಪ್ಪಲಿ ಮೆಟ್ಟಿ ನಡೆಯಲಾಗದ ಓಣಿಗಳಲ್ಲೂ ಅವನ ದನಿ ಓಡಾಡಿತು. ಒಮ್ಮೆ ತನ್ನ ಊರ ಕಡೆಯ ಒಂದು ಹೋಟೆಲಿನ ಹೊರಗೆ, ಅವನ ಜನಕ್ಕೆಂದು ಬೇರೆ ಇಟ್ಟ ಕಪ್ಪಿನಲ್ಲಿ ಅವನು ಚಹಾ ಕುಡಿಯುತ್ತಿದ್ದಾಗ ರಸ್ತೆಯಲ್ಲಿ ಆ ಜೀಪು ಹಾದುಹೋಯಿತು. ಹೋಟೆಲಿನ ಒಳಗೆ ಕೂತವನೊಬ್ಬ, ಯಾರೋ ದೊಡ್ಡ ಮನೆತನದವರ ದನಿ ಎಂದ. ಪಕೀರಪ್ಪ ಕಪ್ಪನ್ನು ತಾನೇ ತೊಳೆದು ಅದರ ಜಾಗದಲ್ಲಿಟ್ಟು ಎದ್ದು ಬಂದ. ಈ ಮಾತನ್ನು ಅವನು ಬಸ್ಸಮ್ಮನಿಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಎಂಬತ್ತೆರಡರ ಕೊನೆಗೆ ಅಯ್ಯಣ್ಣ ತೀರಿಕೊಂಡ. ಮಣ್ಣು ಮುಗಿಸಿದ ಮೇಲೆ ಗೌಡರು ಪಕೀರಪ್ಪನನ್ನು ಕರೆಸಿ, ಹಿರಿಮಗನೇ ಹಲಗೆ ಹಿಡಿಯಬೇಕು ಎಂದರು. ಸದ್ಯಕ್ಕೆ ಚಿಕ್ಕಪ್ಪ ಸಾರುತ್ತಾನೆ, ಆದರೆ ಅವನಿಗೆ ಮೊಣಕಾಲು ನೋವು. ಪಕೀರಪ್ಪ ತನಗೆ ರಾಯಚೂರಿನಲ್ಲಿ ಬೇರೆ ಕೆಲಸವಿದೆ ಎಂದ. ಆ ಕೆಲಸ ಇರುವ ತನಕ ಇರಲಿ, ಅದು ಕೆಟ್ಟ ದಿನ ಬಂದು ಹಿಡಿಯಬೇಕು ಎಂದು ಗೌಡರು ಮಾತು ಮುಗಿಸಿದರು. ಕೌದಿ ಕಟ್ಟಿದ ಆ ಕೋಣೆಯೊಂದೇ ತನಗೂ ಹಲಗೆಗೂ ನಡುವೆ ಇರುವ ಗೋಡೆ ಎಂದು ಪಕೀರಪ್ಪನಿಗೆ ಅಂದು ಗೊತ್ತಾಯಿತು.

ಮರುವರ್ಷದ ಜುಲೈ ತಿಂಗಳಲ್ಲಿ ಕಾಲುವೆಯ ಕೆಲಸ ಬಂತು. ಬೇಸಿಗೆಯುದ್ದಕ್ಕೂ ಮಾನ್ವಿ ಕಡೆಯ ಕಾಲುವೆಗಳು ಒಣಗಿರುತ್ತವೆ. ಜನ ಅದರೊಳಗೇ ದಾರಿ ಮಾಡಿಕೊಂಡಿರುತ್ತಾರೆ, ಸೇತುವೆಯಡಿಯ ನೆರಳಿಗೆ ಕುರಿ ತರುಬುತ್ತಾರೆ. ಬುಧವಾರ ನೀರು ಬಿಡುವುದಿತ್ತು. ಮಂಗಳವಾರ ದಂಡೆಯ ಊರುಗಳಲ್ಲೆಲ್ಲ ಸಾರಿಸಬೇಕೆಂದು ನೀರಾವರಿ ಇಲಾಖೆಯವರು ಲಾಲ್ ಸಾಬನಿಗೆ ಹೇಳಿದ್ದರು. ಪಕೀರಪ್ಪ ಕ್ಯಾಸೆಟ್ಟು ತುಂಬಿಕೊಟ್ಟ. “ಕೇಳ್ರಪ್ಪೋ ಕೇಳ್ರಿ, ನಾಳಿ ಕಾಲುವಿಗಿ ನೀರು ಬಿಡ್ತಾರ. ಕಾಲುವ್ಯಾಗ ದನಾ ಕುರಿ ಇಳಸಬ್ಯಾಡ್ರಿ, ಮಕ್ಕಳನ್ನ ಬಿಡಬ್ಯಾಡ್ರಿ.”

ಮಂಗಳವಾರ ಪೋತ್ನಾಳ ದಾಟುವಷ್ಟರಲ್ಲಿ ಜೀಪು ಕೆಟ್ಟಿತು. ರಿಪೇರಿ ಮುಗಿದಾಗ ಕತ್ತಲೆ. ಇಮಾಮಹುಸೇನ ನಿಯತ್ತಿನ ಮನುಷ್ಯ. ಉಳಿದ ಊರುಗಳನ್ನು ಬಿಟ್ಟು ಬರಲು ಮನಸ್ಸಾಗದೆ ಅಲ್ಲೇ ತಂಗಿ, ಬುಧವಾರ ಬೆಳಿಗ್ಗೆ ಅವುಗಳನ್ನೂ ಸುತ್ತಿ ಕ್ಯಾಸೆಟ್ಟು ಹಾಕಿದ. ನೀರು ಬರುವ ದಿನವೇ ಆ ಊರುಗಳಲ್ಲಿ ಪಕೀರಪ್ಪನ ದನಿ ನೀರು ನಾಳೆ ಬರುತ್ತದೆ ಎಂದು ಹೇಳುತ್ತ ಹೋಯಿತು.

ಒಂದು ಊರಿನ ಕುರಿಗಾರ ಕನಕಪ್ಪನಿಗೆ ಕಿವಿ ಮಂದ. ಜೀಪಿನವರು ಏನಂದರೆಂದು ಅವನು ಸೊಸೆ ಮಾನಮ್ಮನನ್ನು ಕೇಳಿದ. ನೀರು ನಾಳೆಯಂತೆ ಎಂದಳು. ಹಾಗಾದರೆ ಇವತ್ತೊಂದು ದಿನ ನೆರಳಿದೆ ಎಂದುಕೊಂಡು ಮುದುಕ ಬಿಸಿಲೇರಿದಾಗ ಕುರಿಗಳನ್ನು ಸೇತುವೆಯ ಕೆಳಗೆ ಇಳಿಸಿದ. ಮಧ್ಯಾಹ್ನ ನೀರು ಬಂತು. ಕುರಿಗಳು ದಂಡೆ ಹತ್ತಿದವು. ಮರಿಗಳು ಕೆಳಗೇ ಉಳಿದವು. ಮರಿಗಳಿಗಾಗಿ ತಿರುಗಿ ಇಳಿದ ಕನಕಪ್ಪ ಮೇಲೆ ಬರಲಿಲ್ಲ.

ರಾಯಚೂರಿಗೆ ಈ ಸುದ್ದಿ ತಡವಾಗಿ ಬಂತು. ಒಂದು ದಿನ ಅಂಗಡಿಯಲ್ಲಿ ಇಮಾಮಹುಸೇನನೇ ಮರುಗುತ್ತ ಹೇಳಿದ, ಬುಧವಾರ ಬೆಳಿಗ್ಗೆ ತಾನು ಖುದ್ದು ಆ ಊರಲ್ಲಿ ಸಾರಿದ್ದರೂ ಮುದುಕ ಇಳಿದನಂತೆ ಎಂದು. ಪಕೀರಪ್ಪ ತಲೆ ಎತ್ತಿದ.

“ಬುಧವಾರ?”

“ಮಂಗಳವಾರ ಗಾಡಿ ಕೆಟ್ಟಿತ್ತಲ್ಲೋ ಮಾರಾಯಾ. ಉಳದ ಊರು ಮರುದಿನ ಮುಗಿಸಿದೆ.”

ಪಕೀರಪ್ಪ ಕ್ಯಾಸೆಟ್ಟು ಹಾಕು ಎಂದ. ಮೊದಲ ಮಾತಿಗೇ ಇಮಾಮಹುಸೇನ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಲಾಲ್ ಸಾಬ್ ಎದ್ದು ಯಂತ್ರ ಬಂದ್ ಮಾಡಿದ. ಆಮೇಲೆ ಅವನು ಹೇಳಿದ್ದಿಷ್ಟು: ನೀರೇ ಒಂದು ದಿನ ಮೊದಲು ಬಂತೆಂದು ಕೆಲವರು, ಮುದುಕನ ಕಿವಿ ಮಂದವೆಂದು ಕೆಲವರು ಅನ್ನುತ್ತಿದ್ದಾರೆ, ಕ್ಯಾಸೆಟ್ಟಿನ ಮಾತು ಯಾರೂ ಎತ್ತಿಲ್ಲ, ನಾವಾಗಿ ಎತ್ತಿದರೆ ನಾಳೆಯಿಂದ ಈ ಧಂದೆ ಮುಗಿಯಿತು. ಅದು ಸುಳ್ಳಾಗಿರಲಿಲ್ಲ. ಧಂದೆ ಮುಗಿದರೆ ಪಕೀರಪ್ಪನಿಗೆ ಉಳಿಯುವುದೇನೆಂದು ಲಾಲ್ ಸಾಬನಿಗೂ ಗೊತ್ತಿತ್ತು.

ಮನೆಗೆ ಬಂದು ಬಸ್ಸಮ್ಮನಿಗೆ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು:

“ಮುದುಕಗ ಕಿವಿ ಕೇಳ್ತಿದ್ದಿಲ್ಲ ಅಂದ್ರ, ನಾಳಿ ಅಂತ ಅವಗ ಯಾರೋ ಹೇಳಿರ್ತಾರಲ್ಲ. ಅವ್ರನ್ನ ಮನ್ಯಾಗ ಏನಂತಾರೋ.”

ಪಕೀರಪ್ಪನಿಗೆ ಅದು ಹೊಳೆದೇ ಇರಲಿಲ್ಲ. ಬೆಳಿಗ್ಗೆ ಅವನು ಪೋತ್ನಾಳದ ಬಸ್ಸು ಹತ್ತಿದ.

ಕನಕಪ್ಪನ ಮನೆಯಲ್ಲಿ ಮಾನಮ್ಮ ಒಬ್ಬಳೇ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ಅವಳ ಗಂಡ ಅಂಬಣ್ಣ ಕುರಿಗಳ ಹಿಂದೆ ಹೋಗಿದ್ದ. ಕನಕಪ್ಪನವರ ಮನೆ ಇದೇ ಏನ್ರಿ ಎಂದು ಪಕೀರಪ್ಪ ಕೇಳಿದ. ಅವಳ ಕೈ ನಿಂತಿತು.

“ಈ ದನಿ ಜೀಪಿನ್ಯಾಗಿಂದು” ಎಂದಳು.

ಅವನು ದೂರದಲ್ಲೇ ನಿಂತು ಎಲ್ಲವನ್ನೂ ಹೇಳಿದ. ಅವಳು ತಲೆ ಎತ್ತದೆ ಕೇಳಿದಳು. ಆಮೇಲೆ, ಯಾರ ಮೇಲೂ ಸಿಟ್ಟಿಲ್ಲದವಳ ಹಾಗೆ ತನ್ನದನ್ನು ಹೇಳಿದಳು. ಆ ಬೆಳಿಗ್ಗೆ ಜೀಪು ಬಂದಾಗ ಊರಲ್ಲಿ ಹೆಚ್ಚಿನವರು ಹೊಲಕ್ಕೆ ಹೋಗಿದ್ದರು. ನೀರು ಇವತ್ತು ಅಂತ ಜೀಪು ಸಾರಿದ್ದನ್ನು ಇವಳೇ ನಾಳೆ ಅಂತ ತಿರುಚಿದಳು ಎಂದು ಊರು ಆಡಿಕೊಳ್ಳುತ್ತಿತ್ತು. ಅತ್ತೆ ಅವಳ ಕೈಯ ನೀರು ಮುಟ್ಟುತ್ತಿರಲಿಲ್ಲ. ಗಂಡ ಉಣ್ಣುತ್ತಿದ್ದ, ಮಾತಾಡುತ್ತಿರಲಿಲ್ಲ. ಹಿಂದಿನ ದಿನ ಸಾರಿದ ಊರುಗಳವರೂ ಸಂತೆಯಲ್ಲಿ, ಬುಧವಾರ ಅಂತ ನಮಗೆಲ್ಲ ತಿಳಿದಿತ್ತಲ್ಲ ಎಂದಿದ್ದರು. ಅವಳಿಗೇ ತನ್ನ ಕಿವಿಯ ಮೇಲೆ ಅನುಮಾನ ಬಂದಿತ್ತು.

ಪಕೀರಪ್ಪ ಕೈಮುಗಿದು ತಪ್ಪಾಯಿತು ಎಂದ.

“ನನ್ನ ಮುಂದ ಹೇಳಿದ್ರ ಏನ್ ಬಂತ್ರಿ?” ಎಂದಳು ಮಾನಮ್ಮ. “ಊರ ಮುಂದ ಹೇಳ್ರಿ.”

ಸಂಜೆ ಚಾವಡಿಯಲ್ಲಿ ಹಿರಿಯರು ಕೂಡಿದರು. ರಾಯಚೂರಿನಿಂದ ಬಂದವರೆಂದು ಮೊದಲು ಕಂಬಳಿ ಹಾಸಿ, ಕುಂದರ್ರಿ ಎಂದರು. ಆಮೇಲೆ ಊರು ಕೇಳಿದರು, ತಂದೆಯ ಹೆಸರು ಕೇಳಿದರು, ಮನೆತನ ಕೇಳಿದರು. ಕ್ಯಾಸೆಟ್ಟಿಗೆ ಯಾರೂ ಇದನ್ನೆಲ್ಲ ಕೇಳಿರಲಿಲ್ಲ. ಪಕೀರಪ್ಪ ಮುಚ್ಚಿಡದೆ ಹೇಳಿದ. ಕಂಬಳಿ ಮಡಚಿ ಒಳಗೆ ಹೋಯಿತು. ಅವನು ಕೆಳಗಿಳಿದು ನಿಂತೇ ತನ್ನ ಮಾತು ಮುಗಿಸಿದ. ಒಬ್ಬ ಹಿರಿಯ ನಕ್ಕ.

“ಡಂಗುರದವ್ರ ಮಗ ಅಂತಿ. ಹಂಗಾದ್ರ ಬರೀ ಬಾಯಿಲೆ ಯಾಕ ಹೇಳ್ತಿ? ಹಲಿಗಿ ಹಾಕ್ಕೊಂಡು ಓಣಿ ಓಣಿಗಿ ಹೇಳು. ಅಂದ್ರ ನಂಬ್ತೀವಿ.”

ಬೇರೆ ಯಾರೂ ನಗಲಿಲ್ಲ, ಆದರೆ ಬೇಡ ಎಂದೂ ಯಾರೂ ಅನ್ನಲಿಲ್ಲ. ಊರಾಚೆಯ ಕೇರಿಯಿಂದ ಹಲಗೆ ತರಿಸಿದರು. ತಂದವನು ಪಕೀರಪ್ಪನ ಪ್ಯಾಂಟು ಅಂಗಿ ನೋಡಿ, ಬೇಕಿದ್ದರೆ ತಾನು ಬಾರಿಸುತ್ತೇನೆ, ನೀವು ಹೇಳಿರಿ ಎಂದು ಮೆಲ್ಲಗೆ ಅಂದ. ಪಕೀರಪ್ಪ ಬೇಡವೆಂದು ತಲೆಯಾಡಿಸಿ ಹಲಗೆಯನ್ನು ತಾನೇ ಕೊರಳಿಗೆ ಹಾಕಿಕೊಂಡ. ಹನ್ನೆರಡು ವರ್ಷ ಮುಟ್ಟದಿದ್ದರೂ ಕೈಗೆ ಪೆಟ್ಟು ಗೊತ್ತಿತ್ತು.

ಮೊದಲ ತಿರುವಿನಲ್ಲಿ ನಿಂತು ಸಾರಿದ: “ಕೇಳ್ರಪ್ಪೋ ಕೇಳ್ರಿ. ಜೀಪಿನ್ಯಾಗ ಬಂದ ದನಿ ನಂದು. ನೀರು ಬರೂ ದಿನಾನ ಅದು ನಾಳಿ ಅಂದದ. ಮಾನಮ್ಮ ಕೇಳಿದ್ದು ಖರೆ. ಕನಕಪ್ಪಗ ಹೇಳಿದ್ದು ಖರೆ. ತಪ್ಪು ನಂದು.”

ಪ್ರತಿ ಓಣಿಯಲ್ಲೂ ಅದನ್ನೇ ಹೇಳಿದ. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಅಂಬಣ್ಣ ಕುರಿ ಹೊಡೆದುಕೊಂಡು ಬರುತ್ತಿದ್ದವನು ತಿರುವಿನಲ್ಲಿ ನಿಂತ. ಕುರಿಗಳು ಪಕೀರಪ್ಪನ ಎರಡೂ ಕಡೆಯಿಂದ ಹಾದು ಮುಂದೆ ಹೋದವು. ಅಂಬಣ್ಣ ಪೂರ್ತಿ ಕೇಳಿದ. ಇನ್ನೊಮ್ಮೆ ಹೇಳು ಎಂದ. ಪಕೀರಪ್ಪ ಇನ್ನೊಮ್ಮೆ ಹೇಳಿದ. ಅಂಬಣ್ಣ ಮನೆಗೆ ಹೋಗಿ ಹೆಂಡತಿಯ ಕೈಯಿಂದ ತಂಬಿಗೆ ಇಸಿದುಕೊಂಡು, “ಅವ್ವಗೂ ಕೊಡು” ಎಂದನಂತೆ. ಇದನ್ನು ಮಾನಮ್ಮನೇ ಮುಂದೊಮ್ಮೆ ಪೋತ್ನಾಳದ ಸಂತೆಯಲ್ಲಿ ಬಸ್ಸಮ್ಮನಿಗೆ ಹೇಳಿದಳು.

ಕೆಲಸ ಪೂರ್ತಿ ನಿಲ್ಲಲಿಲ್ಲ, ಆದರೆ ಕುಗ್ಗಿತು. ವಿಷಯ ತಿಳಿದು ಕೆಲವು ಅಂಗಡಿಯವರು ದೂರವಾದರು, ಕೆಲವರು ಮನೆತನ ತಿಳಿದು. ಪಕೀರಪ್ಪ ಅಂದಿನಿಂದ ವಾರ, ತಾರೀಖು ಇಲ್ಲದೆ ಒಂದು ಮಾತೂ ತುಂಬಲಿಲ್ಲ. ಸಾರಿದ ಕ್ಯಾಸೆಟ್ಟು ಅಂದೇ ತಿರುಗಿ ಬರಬೇಕು, ಬಂದದ್ದನ್ನು ಅವನೇ ಅಳಿಸುತ್ತಿದ್ದ. ಹೋದ ವರ್ಷದ ಕ್ಯಾಸೆಟ್ಟನ್ನೇ ಈ ವರ್ಷವೂ ಹಾಕೋಣವೆಂದ ವಿರೂಪಣ್ಣನಿಗೆ ಅವನು ಆಗುವುದಿಲ್ಲ ಎಂದ. ವಿರೂಪಣ್ಣ ಗೊಣಗಿದ, ಆದರೆ ಬಿಡಲಿಲ್ಲ. ಎರಡು ಹೊತ್ತಿನ ರೊಟ್ಟಿಗೆ ಸಾಲುವಷ್ಟು ಕೆಲಸ ಉಳಿಯಿತು.

ಕುರಿಗಾರರು ಹಟ್ಟಿಯಿಂದ ಹಟ್ಟಿಗೆ ಸುದ್ದಿ ಒಯ್ಯುತ್ತಾರೆ. ಪಕೀರಪ್ಪ ಮಾನ್ವಿ ಕಡೆಯ ಒಂದು ಊರಲ್ಲಿ ಹಲಗೆ ಬಾರಿಸಿದನೆಂಬುದು ಮುಂದಿನ ಬೇಸಿಗೆಯೊಳಗೆ ದೇವದುರ್ಗ ದಾಟಿ ಅವನ ಹಳ್ಳಿಗೆ ಮುಟ್ಟಿತು. ಗೌಡರು ಹೇಳಿ ಕಳಿಸಿದರು. ಎಂಬತ್ನಾಲ್ಕರ ಮುಂಗಾರಿಗೆ ಮುಂಚೆ ಅವನು ಹೋಗಿ ಚಾವಡಿಯ ಮುಂದೆ ನಿಂತ. ಚಿಕ್ಕಪ್ಪ ಹಲಗೆಯನ್ನು ಪಕ್ಕದಲ್ಲಿಟ್ಟುಕೊಂಡು, ನೋಯುವ ಕಾಲು ಚಾಚಿ ಬೇವಿನ ಮರದಡಿ ಕೂತಿದ್ದ.

“ಏನಲೇ ಪಕೀರ್ಯಾ” ಎಂದರು ಗೌಡರು, “ಯಾರದೋ ಊರಾಗ ಬಾರಸ್ತಿ, ನಿನ್ನ ಊರಾಗ ಬಾರಸಾಕ ನಾಚಿಕಿ ಏನು?”

ಪಕೀರಪ್ಪ ದನಿ ಎತ್ತರಿಸಲಿಲ್ಲ.

“ಅಲ್ಲಿ ನಾ ತಪ್ಪು ಮಾಡಿದ್ದೆ ರೀ. ಅದಕ್ಕ ಬಾರಿಸಿದೆ. ಇಲ್ಲಿ ನಾ ಏನ್ ತಪ್ಪು ಮಾಡೀನಿ, ಹೇಳ್ರಿ.”

ಗೌಡರು ಎಲೆ ಅಡಿಕೆಯ ಚೀಲ ಬಿಚ್ಚಿದರು, ಏನೂ ತೆಗೆಯದೆ ಮತ್ತೆ ಕಟ್ಟಿದರು. ಆಗ ಬೇವಿನ ಮರದಡಿಯಿಂದ ಚಿಕ್ಕಪ್ಪ ನೆಲಕ್ಕೆ ಕೈಯೂರಿ ನಿಧಾನಕ್ಕೆ ಎದ್ದ.

“ನಾನೂ ಏನೂ ತಪ್ಪು ಮಾಡಿಲ್ರೀ” ಎಂದ.

ಹಲಗೆಯನ್ನು ಅಲ್ಲೇ ಬಿಟ್ಟು ಅವನು ಕುಂಟುತ್ತ ಕೇರಿಯ ಕಡೆ ನಡೆದ. ಪಕೀರಪ್ಪ ಅವನ ತೋಳಿಗೆ ಆಸರೆ ಕೊಟ್ಟ. ಆ ಮಳೆಗಾಲದಲ್ಲಿ ಊರಿಗೆ ಡಂಗುರ ಇರಲಿಲ್ಲ. ಹೇಳಬೇಕಾದದ್ದನ್ನು ಗೌಡರು ಆಳು ಕಳಿಸಿ ಮನೆಮನೆಗೆ ಹೇಳಿಸಿದರು.